ಗುಬ್ಬಿ ಅಂತ ಬರೆದ್ರೆ ಎರರ್ ಯಾಕೆ?

ಇವತ್ತು ಗೋ ಭಾಷೆ ಬಗ್ಗೆ ಮಾತಾಡೋಣ, ಗೂಗಲ್ 2009ರ ನವೆಂಬರ್‌ನಲ್ಲಿ ಎಲ್ಲರಿಗೂ ತೆರೆದಿಟ್ಟ ಭಾಷೆ. ನಾನು ಓದಿದ್ದು ಕಾಮರ್ಸ್, ಹಾಗಾಗಿ ಕೋಡ್ ಕೂಡ ನನಗೆ ಲೆಕ್ಕದ ಪುಸ್ತಕದ ಥರಾನೇ ಕಾಣುತ್ತೆ.

ತುಮಕೂರಿಂದ ಗುಬ್ಬಿ ಸುಮಾರು 20 ಕಿಲೋಮೀಟರ್, ಕುಣಿಗಲ್ ಸುಮಾರು 36. ಈ ಪಟ್ಟಿಯನ್ನು ಕರ್ಲಿ ಬ್ರಾಕೆಟ್ ಒಳಗೆ ಒಂದೇ ಸಲಕ್ಕೆ ತುಂಬಿಸಿ ಕೊಟ್ರೆ ಅದು ಕಾಂಪೋಸಿಟ್ ಲಿಟರಲ್. ಕಂಪೈಲರ್ ಅದನ್ನ ಎಷ್ಟು ಹುಷಾರಾಗಿ ಓದುತ್ತೆ ಅಂತ ನೋಡೋಕೆ ಬೇಕಂತಲೇ ತಪ್ಪು ಮಾಡ್ತಾ ಕೂತೆ.

ಮ್ಯಾಪ್‌ನಲ್ಲಿ ಗುಬ್ಬಿಯನ್ನ ಎರಡು ಸಲ ಬರೆದೆ. ತಕ್ಷಣ ಸಿಕ್ಕಿಬಿದ್ದೆ, ಡುಪ್ಲಿಕೇಟ್ ಕೀ ಅಂತು. ಆಮೇಲೆ ಸ್ಟ್ರಕ್ಟ್‌ನಲ್ಲಿ ಹೆಸರಿಲ್ಲದೆ ಬರೀ ಎರಡು ಸಂಖ್ಯೆ, ಅದೂ ಅದಲು ಬದಲು ಮಾಡಿ ಹಾಕಿದೆ. ತುಟಿ ಪಿಟಕ್ ಅನ್ನಲಿಲ್ಲ! ಗುಬ್ಬಿ 36 ಆಯ್ತು, ಕುಣಿಗಲ್ 20. ರಾಮನ ಖಾತೆಗೆ ಹಾಕಬೇಕಾದ ಡೆಬಿಟ್ ಸೋಮನಿಗೆ ಹೋದ್ರೂ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತಲ್ಲ, ಹಾಗೆ. ಈ ಲೆಕ್ಕದ ಮೇಲೆ ಬಸ್ ಚಾರ್ಜ್ ಹಾಕಿದ್ರೆ ಯಾರ ಜೇಬಿಗೆ ಕತ್ತರಿ, ನೀವೇ ಯೋಚನೆ ಮಾಡಿ.

ಪರಿಹಾರ ಸುಲಭ, ಪ್ರತಿ ಸಂಖ್ಯೆಗೂ ಫೀಲ್ಡ್ ಹೆಸರು ಬರೀಬೇಕು. ಸರಿ, ಕನ್ನಡದಲ್ಲೇ ‘ಗುಬ್ಬಿ’ ಅಂತ ಬರೆದೆ. ಎರರ್! ಉದ್ಧರಣ ಚಿಹ್ನೆ ಒಳಗಿದ್ರೆ ಗುಬ್ಬಿ ಬರೀ ಪಠ್ಯ, ತಕರಾರಿಲ್ಲ. ಹೆಸರಾಗಿ ಬಂದ್ರೆ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ ನಡೆಯುತ್ತೆ. ಯೂನಿಕೋಡ್ ಲೆಕ್ಕದಲ್ಲಿ ನಮ್ಮ ಕೊಂಬು, ಗುಡಿಸು, ಒತ್ತಕ್ಷರ ತರೋ ವಿರಾಮ ಇವ್ಯಾವೂ ಅಕ್ಷರ ಅಲ್ಲ, ಅಕ್ಷರಕ್ಕೆ ಅಂಟಿಕೊಳ್ಳೋ ಗುರುತುಗಳು. ಹಾಗಾಗಿ ‘ನಗರ’ ಪಾಸ್, ‘ದರ’ ಪಾಸ್. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಫೇಲ್. ಪೈಥಾನ್ 3ರಲ್ಲಿ ಇದೇ ಹೆಸರುಗಳು ಆರಾಮಾಗಿ ನಡೀತವೆ. ದೇವನಾಗರಿಯಂಥ ಲಿಪಿಗಳಿಗೆ ಈ ನಿಯಮದಿಂದ ತೊಂದರೆ ಅಂತ ಗೋ ತಂಡದವರೇ ತಮ್ಮ ಪ್ರಶ್ನೋತ್ತರ ಪುಟದಲ್ಲಿ ಒಪ್ಕೊಂಡಿದ್ದಾರೆ. ಒಪ್ಕೊಂಡ್ರೆ ಸಾಕಾ?

ಗೋ ಕಂಪೈಲರ್ ಜೊತೆ ಬರೋ ಟೆಸ್ಟ್ ಫೈಲ್‌ಗಳಲ್ಲಿ ಒಂದು ಮಜಾ ಇದೆ. ತಪ್ಪು ಸಾಲಿನ ಪಕ್ಕ ‘ಇಲ್ಲಿ ಎರರ್ ಬರಬೇಕು’ ಅಂತ ಕಾಮೆಂಟ್ ಇರುತ್ತೆ. ಎರರ್ ಬಂದ್ರೇನೇ ಟೆಸ್ಟ್ ಪಾಸ್. ನಾನೂ ಅದೇ ಥರ ಒಂದು ಫೈಲ್ ಮಾಡಿ, ಗುಬ್ಬಿ ಸಾಲಿನ ಪಕ್ಕ ಆ ಕಾಮೆಂಟ್ ಹಾಕಿಟ್ಟಿದೀನಿ. ಸದ್ಯಕ್ಕೆ ಪಾಸ್ ಆಗ್ತಿದೆ. ಅದು ಫೇಲ್ ಆದ ದಿನ ನಿಮಗೆಲ್ಲ ಹೇಳ್ತೀನಿ.