ಮಕ್ಕಳ ಓದಿನಲ್ಲಿ ಅನುಮಾನ ಪ್ರಮಾಣವು



ಅನುಮಾನವೆಂಬ ಶಬ್ದವು ಲೋಕದಲ್ಲಿ ಸ್ವಲ್ಪ ಕೆಟ್ಟ ಹೆಸರನ್ನು ಹೊತ್ತಿರುವದು. ಸಾಹುಕಾರನು ಆಳಿನ ಮೇಲೆ, ಅತ್ತೆಯು ಸೊಸೆಯ ಮೇಲೆ ಇಡುವ ಸಂಶಯಕ್ಕೆ ಜನರು ಅನುಮಾನವೆನ್ನುವರು. ಶಾಸ್ತ್ರಕಾರರ ಅನುಮಾನವು ಇದಲ್ಲ. ಕಂಡುದರ ಬಲದಿಂದ ಕಾಣದುದನ್ನು ನಿಶ್ಚಯಿಸುವದೇ ಅವರು ಹೇಳಿದ ಅನುಮಾನವು. ಗುಡ್ಡದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವದು ಅದರ ಹಳೆಯ ಉದಾಹರಣೆಯು; ತರ್ಕಸಂಗ್ರಹವನ್ನು ತೆರೆದ ಪಾಠಶಾಲೆಯ ಚಿಕ್ಕ ವಿದ್ಯಾರ್ಥಿಗೂ ಅದು ಬಾಯಿಪಾಠವಾಗಿರುವದು. ಆದರೆ ಗುಡ್ಡಕ್ಕೆ ಸಲ್ಲುವ ಈ ಪ್ರಮಾಣವು ಪುಸ್ತಕದ ಹಾಳೆಗೂ ಸಲ್ಲುವದೆಂದು ತಿಳಿದು ಕಲಿಸುವವರು ವಿರಳ. ಬರೆಯುವವನು ಎಲ್ಲವನ್ನೂ ಬರೆಯುವದಿಲ್ಲ. ಅರ್ಧವನ್ನು ಓದುವವನ ಬುದ್ಧಿಗೆ ಬಿಟ್ಟಿರುತ್ತಾನೆ. ಆ ಅರ್ಧವನ್ನು ತುಂಬಿಕೊಳ್ಳಲು ಮಕ್ಕಳಿಗೆ ಕಲಿಸುವದು ಹೇಗೆಂಬದೇ ಇಂದಿನ ವಿಷಯವು.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಹಾವೇರಿಯ ಸುತ್ತಲಿನ ಹಳ್ಳಿಗಳಲ್ಲಿ ಓದುಬಾರದ ಹಿರಿಯರು ಮನೆಗೆ ಬಂದ ಕಾಗದವನ್ನು ಮೊಮ್ಮಕ್ಕಳ ಕೈಗೆ ಕೊಟ್ಟು ಓದಿಸುವದು ಇಂದಿಗೂ ಉಂಟು. ಸೊಸಾಯಿಟಿಯಿಂದ ಒಂದು ಕಾಗದ ಬಂದಿದೆಯೆಂದು ಇಟ್ಟುಕೊಳ್ಳಿರಿ. ನಿಗದಿಯಾದ ದಿನದೊಳಗೆ ಸಾಲವನ್ನು ಕಟ್ಟಿದವರಿಗೆ ಮಾತ್ರ ಬಡ್ಡಿಯ ರಿಯಾಯತಿಯು ದೊರೆಯುವದೆಂದು ಅದರಲ್ಲಿ ಬರೆದಿದೆ. ಐದನೆಯ ಇಯತ್ತೆಯ ಹುಡುಗನು ಒಂದು ಅಕ್ಷರವೂ ತಪ್ಪದಂತೆ ಗಂಟೆ ಬಾರಿಸಿದ ಹಾಗೆ ಓದುತ್ತಾನೆ. ಅಜ್ಜನು, “ದಿನಾ ದಾಟಿದ್ರ ಏನ್ ಆಗ್ತೈತೋ ತಮ್ಮಾ?” ಎಂದು ಕೇಳುತ್ತಾನೆ. ಹುಡುಗನು ಕಾಗದವನ್ನು ಹಿಂದುಮುಂದು ತಿರುವಿ ನೋಡಿ, “ಅದನ್ನ ಇದರಾಗ ಬರದಿಲ್ಲ ಯಜ್ಜಾ” ಎನ್ನುತ್ತಾನೆ. ಹುಡುಗನು ಸುಳ್ಳು ಹೇಳಲಿಲ್ಲ. ಅದನ್ನು ಬರೆದಿರಲಿಲ್ಲವೆಂಬದು ನಿಜವೇ. “ಮಾತ್ರ” ಎಂಬ ಒಂದು ಶಬ್ದದಲ್ಲಿ ಅದು ಅಡಗಿತ್ತು. ಆ ಶಬ್ದವನ್ನು ಅವನು ಉಚ್ಚರಿಸಿದನು, ಓದಲಿಲ್ಲ. ಹೊಲಮನೆಯ ಮೇಲೆ ಬೀಳುವ ಬಡ್ಡಿಯ ಭಾರವು ಇಂಥ ಒಂದೊಂದು ಶಬ್ದದ ಹಿಂದೆ ಇರುವದು.

ಹಿಂದಿನ ಗಾಂವಠಿ ಸಾಲೆಗಳಲ್ಲಿ ಮರಳಿನ ಮೇಲೆ ಓನಾಮವನ್ನು ತಿದ್ದಿಸಿ, ಮಗ್ಗಿಯನ್ನೂ ಅಮರವನ್ನೂ ಬಾಯಿಗೆ ಬರಿಸುತ್ತಿದ್ದರು. ಆ ಕ್ರಮವನ್ನು ನಿಂದಿಸುವದು ಈಗಿನ ರೂಢಿಯಾಗಿದೆ. ನಿಂದೆಯು ಅರ್ಧ ಮಾತ್ರ ಸರಿ. ಬಾಯಿಪಾಠದಿಂದ ಶಬ್ದಸಂಪತ್ತು ಬರುತ್ತಿತ್ತು. ಅದಿಲ್ಲದೆ ಯಾವ ಅನುಮಾನವೂ ಏಳಲಾರದು. ಕೊರತೆಯಿದ್ದದ್ದು ಬಾಯಿಪಾಠದ ತರುವಾಯ ಬರಬೇಕಾದ ಪ್ರಶ್ನೆಯಲ್ಲಿ. ಈಗಿನ ಸಾಲೆಗಳಲ್ಲಿ ಬಾಯಿಪಾಠವೂ ಕಡಿಮೆಯಾಗಿ, ಪ್ರಶ್ನೆಯೂ ಬಾರದೆ, ನಿರರ್ಗಳವಾಗಿ ಓದಿದ ಹುಡುಗನಿಗೆ ಶಾಬಾಸಕಿ ಕೊಟ್ಟು ಕೂಡ್ರಿಸುವದೇ ಹೆಚ್ಚು. 2021ನೆಯ ಇಸವಿಯಲ್ಲಿ ಭಾರತ ಸರಕಾರವು ಆರಂಭಿಸಿದ ನಿಪುಣ ಭಾರತ ಯೋಜನೆಯು ಮೂರನೆಯ ಇಯತ್ತೆಯ ಕೊನೆಗೆ ಪ್ರತಿಯೊಂದು ಮಗುವೂ ಅರ್ಥವನ್ನು ಗ್ರಹಿಸಿ ಓದಬೇಕೆಂದು ಗುರಿಯನ್ನು ಇಟ್ಟಿತು. ಗುರಿಯು ಒಳ್ಳೆಯದು. ಅರ್ಥಗ್ರಹಣವು ಅಕ್ಷರಜ್ಞಾನದ ಬೆನ್ನಿಗೆ ತಾನಾಗಿಯೇ ಬರುವದೆಂಬ ಭ್ರಮೆಯು ಮಾತ್ರ ಹೋಗಬೇಕು. ಇಂಗ್ಲೆಂಡಿನ ನಿಕೋಲಾ ಯೂಯಿಲ್, ಜೇನ್ ಓಕ್‌ಹಿಲ್ ಎಂಬ ಇಬ್ಬರು ವಿದುಷಿಯರು ಏಳೆಂಟು ವರ್ಷದ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದರು. ಅಕ್ಷರಗಳನ್ನು ಸರಾಗವಾಗಿ ಓದಿಯೂ ಅರ್ಥದಲ್ಲಿ ಹಿಂದೆ ಬಿದ್ದ ಮಕ್ಕಳಿಗೆ, ವಾಕ್ಯದೊಳಗಿನ ಸುಳಿವಿನ ಶಬ್ದಗಳನ್ನು ಹಿಡಿದು ಬರೆಯದುದನ್ನು ಊಹಿಸುವ ಅಭ್ಯಾಸವನ್ನು ಕೆಲವೇ ಪಾಠಗಳಲ್ಲಿ ಮಾಡಿಸಲು, ಬೇಗ ಬೇಗ ಓದುವ ಅಭ್ಯಾಸವನ್ನು ಮಾಡಿದ ಅಂಥವೇ ಮಕ್ಕಳಿಗಿಂತ ಅವರು ಮುಂದೆ ಬಂದರು. ಕಲಿಸಿದರೆ ಬರುವ ವಿದ್ಯೆಯಿದು.

ಕಲಿಸುವ ಬಗೆಯನ್ನು ಬ್ಯಾಡಗಿಯ ಪೇಟೆಯಿಂದಲೇ ತೆಗೆದುಕೊಳ್ಳಬಹುದು. ಫಳಿಯ ಮೇಲೆ ನಾಲ್ಕು ವಾಕ್ಯಗಳನ್ನು ಬರೆಯತಕ್ಕದ್ದು: ರೈತನೊಬ್ಬನು ನಸುಕಿನಲ್ಲಿ ಮೆಣಸಿನಕಾಯಿಯ ಚೀಲಗಳನ್ನು ಹೇರಿಕೊಂಡು ಬ್ಯಾಡಗಿಗೆ ಹೋದನು. ದಲಾಲಿಯ ಅಂಗಡಿಯ ಮುಂದೆ ಬಿಚ್ಚಿದ ಚೀಲಗಳನ್ನು ಮಧ್ಯಾಹ್ನದ ಮೇಲೆ ಮತ್ತೆ ಹೊಲಿದನು. ಸಂಜೆಗೆ ಚಕ್ಕಡಿಯು ತುಂಬಿಕೊಂಡೇ ಮನೆಗೆ ಬಂತು. ಮಗಳು ಹೊಸ ಕೊಡೆಯ ಮಾತನ್ನು ತೆಗೆಯಲಿಲ್ಲ.

ಇದನ್ನು ಓದಿಸಿದ ಬಳಿಕ “ರೈತನು ಎಲ್ಲಿಗೆ ಹೋದನು?” ಎಂದು ಕೇಳುವದು ವ್ಯರ್ಥ, ಉತ್ತರವು ಕಣ್ಣಿಗೆ ಕಾಣುವಲ್ಲಿಯೇ ಇದೆ. “ಮಾಲು ಏಕೆ ಮಾರಲಿಲ್ಲ?” ಎಂದು ಕೇಳಬೇಕು. ಒಬ್ಬನು ದರ ಬರಲಿಲ್ಲವೆನ್ನುವನು. ಇನ್ನೊಬ್ಬನು ಅಂದು ಪೇಟೆಗೆ ಸೂಟಿಯಿತ್ತೆನ್ನುವನು. ಇಬ್ಬರನ್ನೂ ಬೈಯಲಾಗದು, ಇಬ್ಬರನ್ನೂ ಹೊಗಳಲಾಗದು. “ಯಾವ ಮಾತಿನಿಂದ ತಿಳಿದೆ, ತೋರಿಸು” ಎನ್ನಬೇಕು. ಆಗ ಮಕ್ಕಳು ಹಾಳೆಗೆ ಮರಳುವರು. ಚೀಲಗಳನ್ನು ಅಂಗಡಿಯ ಮುಂದೆ ಬಿಚ್ಚಿದ್ದನು. ಸೂಟಿಯ ದಿನ ಬಿಚ್ಚುವದೆಲ್ಲಿ? ಎರಡನೆಯ ಊಹೆಯು ಬಿದ್ದಿತು. ಮಧ್ಯಾಹ್ನದವರೆಗೆ ಕಾದು ಮತ್ತೆ ಹೊಲಿದನು, ಅಂದರೆ ಬಂದ ದರವು ಅವನ ಮನಸ್ಸಿಗೆ ಬರಲಿಲ್ಲ, ಮೊದಲನೆಯದು ನಿಂತಿತು. ಕಡೆಯ ವಾಕ್ಯಕ್ಕೆ ಬಂದಾಗ ತರಗತಿಯು ಸ್ವಲ್ಪ ಹೊತ್ತು ಸುಮ್ಮನಾಗುವದು. ಮಗಳಿಗೆ ಕೊಡೆಯು ಬೇಕಾಗಿತ್ತು, ತಂದೆಯು ಮಾತು ಕೊಟ್ಟಿದ್ದನು, ಅವಳು ಚಕ್ಕಡಿಯನ್ನು ಕಂಡಳು, ತಂದೆಯ ಮುಖವನ್ನು ಕಂಡಳು. ಇದರಲ್ಲಿ ಒಂದನ್ನೂ ಬರೆದಿಲ್ಲ. ಇವೆಲ್ಲವನ್ನು ಯಾವುದಾದರೊಂದು ಮಗುವು ತಾನೇ ಹೇಳುವ ತನಕ ಮಾಸ್ತರರು ಬಾಯಿ ಬಿಡದಿರುವದೇ ಈ ಪಾಠದಲ್ಲಿ ಕಠಿಣವಾದ ಭಾಗವು.

ತರ್ಕಸಂಗ್ರಹದ ಅನ್ನಂಭಟ್ಟನು ಅನುಮಾನವನ್ನು ಎರಡಾಗಿ ವಿಂಗಡಿಸಿರುವನು: ಸ್ವಾರ್ಥಾನುಮಾನವು ತನಗಾಗಿ, ಪರಾರ್ಥಾನುಮಾನವು ಪರರಿಗಾಗಿ. ತಾನು ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿದರೆ ಮೊದಲನೆಯದು ಮುಗಿಯಿತು. ಬೇರೊಬ್ಬರಿಗೆ ತಿಳಿಸಬೇಕಾದರೆ ಐದು ಅವಯವಗಳ ವಾಕ್ಯವು ಬೇಕು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಚಿಕ್ಕ ಮಕ್ಕಳಿಗೆ ಈ ಹೆಸರುಗಳ ಭಾರವನ್ನು ಹೊರಿಸಬೇಕಾದದ್ದಿಲ್ಲ. ಆದರೆ ಬುದ್ಧಿವಂತ ಹುಡುಗನು ತಟ್ಟನೆ ಹೇಳಿದ ಸರಿಯುತ್ತರವು ಅವನ ಸ್ವಾರ್ಥಾನುಮಾನವು. ಪಕ್ಕದಲ್ಲಿ ಕುಳಿತವನಿಗೆ ಅದರಿಂದ ಏನೂ ದಕ್ಕುವದಿಲ್ಲ, ಅವನು ಉತ್ತರವನ್ನು ಬರೆದುಕೊಂಡು ಬಾಯಿಪಾಠ ಮಾಡುವನು. ಹೇತುವನ್ನು ಬಾಯಿಬಿಟ್ಟು ಹೇಳಿಸಿದಾಗ ಅದು ಪರಾರ್ಥವಾಗಿ ಇಡಿಯ ತರಗತಿಗೆ ಸಲ್ಲುವದು. ಉತ್ತರಕ್ಕೆ ಗುಣಗಳನ್ನು ಕೊಟ್ಟು ಹೇತುವಿಗೆ ಕೊಡದ ಪರೀಕ್ಷೆಗಳು ಈ ವಿದ್ಯೆಗೆ ಮಾಡಿದಷ್ಟು ಹಾನಿಯನ್ನು ಬೇರೊಂದು ಮಾಡಲಿಲ್ಲವೆನ್ನದೆ ನಿರ್ವಾಹವಿಲ್ಲ.

ಹೇತುವಿದ್ದರೆ ಸಾಲದು, ವ್ಯಾಪ್ತಿಯೂ ಬೇಕು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬ ಬಿಡದ ಸಂಬಂಧವೇ ವ್ಯಾಪ್ತಿಯು. ಅಡಿಗೆಯ ಮನೆಯಲ್ಲಿ ಮತ್ತೆ ಮತ್ತೆ ಕಂಡವನಿಗೆ ಮಾತ್ರ ಅದು ಗೊತ್ತು. ಒಲೆಯನ್ನೇ ಕಾಣದವನು ಗುಡ್ಡದ ಹೊಗೆಯಿಂದ ಏನನ್ನು ತಿಳಿದಾನು? ಓದುವ ಮಗುವಿಗೂ ಹಾಗೆಯೇ. ಮೆಣಸಿನಕಾಯಿಯು ಕೆಂಪಾದಷ್ಟು ಖಾರವೆಂದು ದೂರದ ಊರಿನ ಹುಡುಗನು ನಂಬಿರುವನು. ಬ್ಯಾಡಗಿಯ ಹುಡುಗನು ನಗುವನು. ಸುಕ್ಕುಗಟ್ಟಿದ ಬ್ಯಾಡಗಿ ಕಾಯಿಯು ಬಣ್ಣದಲ್ಲಿ ಗಾಢ, ಖಾರದಲ್ಲಿ ಸೌಮ್ಯ. ಆ ಬಣ್ಣಕ್ಕಾಗಿಯೇ ಅದಕ್ಕೆ ಗಿರಾಕಿಯು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಕೆಂಪು ಇದ್ದಲ್ಲಿ ಖಾರವಿರದ ಒಂದು ಸ್ಥಳವು ಸಿಕ್ಕಿತಾದ್ದರಿಂದ ಆ ಹೇತುವು ಸವ್ಯಭಿಚಾರಿಯಾಯಿತು, ತಾರ್ಕಿಕರ ಭಾಷೆಯಲ್ಲಿ ಹೇತ್ವಾಭಾಸವಾಯಿತು. ಹಾವೇರಿಯ ಏಲಕ್ಕಿ ಮಾಲೆಯ ಮಾತೂ ಅಂಥದೇ. ಮಾಲೆಯು ಹಾವೇರಿಯದೆಂದು ಓದಿ, ಏಲಕ್ಕಿಯ ತೋಟಗಳೂ ಹಾವೇರಿಯಲ್ಲಿಯೇ ಇರಬೇಕೆಂದು ಊಹಿಸಿದವನು ಹಳ್ಳಕ್ಕೆ ಬಿದ್ದನು. ಏಲಕ್ಕಿಯು ಮಲೆನಾಡಿನದು, ಪೋಣಿಸುವ ಕೈ ಹಾವೇರಿಯದು.

ಇದರಿಂದ ಬರುವ ಫಲಿತಾಂಶವನ್ನು ಶಿಕ್ಷಕರು ಲಕ್ಷ್ಯದಲ್ಲಿ ಇಡಬೇಕು. ತರಗತಿಯಲ್ಲಿ ದಡ್ಡನೆನಿಸಿದ ಹುಡುಗನು ನಿಜವಾಗಿ ದಡ್ಡನಿರಲಿಕ್ಕಿಲ್ಲ. ಪಾಠದ ವಿಷಯವೇ ಅವನು ಕಾಣದ್ದಾಗಿರಬಹುದು. ಅಮೇರಿಕೆಯಲ್ಲಿ ರೆಕ್ಟ್, ಲೆಸ್ಲಿ ಎಂಬವರು ಬೇಸ್‌ಬಾಲ್ ಎಂಬ ಅಲ್ಲಿಯ ಚೆಂಡಿನಾಟದ ಕಥನವೊಂದನ್ನು 64 ವಿದ್ಯಾರ್ಥಿಗಳಿಂದ ಓದಿಸಿ 1988ರಲ್ಲಿ ತಮ್ಮ ಶೋಧವನ್ನು ಪ್ರಕಟಿಸಿದರು. ಓದಿನಲ್ಲಿ ಹಿಂದುಳಿದರೂ ಆಟವನ್ನು ಬಲ್ಲವರು, ಓದಿನಲ್ಲಿ ಮುಂದಿದ್ದೂ ಆಟವನ್ನು ಅರಿಯದವರಿಗಿಂತ ಆ ಕಥನವನ್ನು ಚೆನ್ನಾಗಿ ಮರಳಿ ಹೇಳಿದರು. ಆದಕಾರಣ ಪಾಠಕ್ಕೆ ಮೊದಲು ಹತ್ತು ನಿಮಿಷ ಮಾತಿಗಾಗಿ ಇಡತಕ್ಕದ್ದು. ಸಮುದ್ರದ ಪಾಠವನ್ನು ಓದುವ ಮುನ್ನ ಸಮುದ್ರವನ್ನು ಕಾಣದ ರಾಣೇಬೆನ್ನೂರಿನ ಮಗುವಿಗೆ ಉಬ್ಬರ ಇಳಿತಗಳನ್ನು ಹೇಳದಿದ್ದರೆ, ಅದು ಯಾವ ಸುಳಿವಿನಿಂದ ಯಾವುದನ್ನು ಊಹಿಸಬೇಕು?

ರಾಣೇಬೆನ್ನೂರಿನ ಹೆಸರು ಬಂದಲ್ಲಿ ತುಂಗಭದ್ರೆಯ ಮಾತು ಬರಲೇಬೇಕು. ನ್ಯಾಯಶಾಸ್ತ್ರದಲ್ಲಿ ಹೊಳೆಯ ಉದಾಹರಣೆಯು ಹೊಗೆಯಷ್ಟೇ ಪ್ರಸಿದ್ಧ. ಹೊಳೆಯು ತುಂಬಿ ಹರಿಯುವದನ್ನು ಕಂಡು ಮೇಲೆ ಮಳೆಯಾಗಿದೆಯೆಂದು ತಿಳಿಯುವದು ಶೇಷವತ್ ಎಂಬ ಅನುಮಾನವು, ಕಾರ್ಯದಿಂದ ಕಾರಣಕ್ಕೆ ಹೋಗುವದು. ಚೌಡಯ್ಯದಾನಪುರದ ದಂಡೆಯ ಮಕ್ಕಳು ಶಾಸ್ತ್ರವನ್ನು ಓದದೆಯೇ ಇದನ್ನು ಬಲ್ಲರು: ಊರಲ್ಲಿ ಬಿಸಿಲು ಕಾಯುತ್ತಿದ್ದರೂ ಕೆನ್ನೀರು ಬಂದರೆ ಮಲೆನಾಡಿನಲ್ಲಿ ಮಳೆಯೆಂದು ಹೇಳುವರು. ಗೌತಮನು ತನ್ನ ಸೂತ್ರಗಳಲ್ಲಿ ಇದಕ್ಕೊಂದು ಆಕ್ಷೇಪವನ್ನು ತಾನೇ ಎತ್ತಿರುವನು. ನೀರಿಗೆ ಅಡ್ಡಗಟ್ಟು ಬಿದ್ದರೂ ಹೊಳೆಯು ಏರಬಹುದಲ್ಲ, ಆಗ ಅನುಮಾನವು ಸುಳ್ಳಾಗಲಿಲ್ಲವೇ? ಈ ಆಕ್ಷೇಪವು ಇಂದು ಮೊದಲಿಗಿಂತಲೂ ಬಲವಾಗಿದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೆಂದು ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಹೊಳೆಗೆ ನೀರನ್ನು ಬಿಡುವದುಂಟು. ಹನಿ ಮಳೆಯಿಲ್ಲದೆ ಹೊಳೆಯು ಏರುವದು. ಭಾಷ್ಯಕಾರ ವಾತ್ಸ್ಯಾಯನನ ಸಮಾಧಾನವು ಪ್ರತಿಯೊಬ್ಬ ಶಿಕ್ಷಕನೂ ನೆನಪಿನಲ್ಲಿ ಇಡತಕ್ಕಂಥದು. ನೀರು ಏರಿತೆಂಬ ಒಂದರಿಂದಲೇ ಯಾರೂ ಮಳೆಯನ್ನು ಊಹಿಸುವದಿಲ್ಲ. ಸೆಳವಿನ ವೇಗ, ನೊರೆ, ತೇಲಿ ಬರುವ ಕಾಯಿ, ಎಲೆ, ಕಟ್ಟಿಗೆ, ಇವೆಲ್ಲ ಕೂಡಿ ಬಂದಾಗ ಊಹಿಸುವರೆಂದು ಅವನು ಹೇಳಿರುವನು. ಓದಿನಲ್ಲಿಯೂ ಒಂದು ಶಬ್ದಕ್ಕೆ ಜೋತುಬಿದ್ದು ಓಡುವ ಮಗುವನ್ನು ತಡೆದು, “ನೊರೆಯೆಲ್ಲಿ? ಕಟ್ಟಿಗೆಯೆಲ್ಲಿ?” ಎಂದು ಕೇಳಬೇಕು. ಜನರಾಡುವ ಅನುಮಾನವೂ, ಅಂದರೆ ಸಂಶಯವೂ, ಇಲ್ಲಿ ಮಾತ್ರ ಉಪಯೋಗಕ್ಕೆ ಬರುವದು.

ಇನ್ನೊಂದು ಮಾತು. ಎಲ್ಲ ಊಹೆಗೂ ಉತ್ತರವು ಒಂದೇ ಇರುವದಿಲ್ಲ. ಹೊತ್ತು ಮುಳುಗಿತೆಂಬ ಒಂದೇ ವಾಕ್ಯವು ಕೇಳುವವನಿಗೆ ತಕ್ಕಂತೆ ಬೇರೆ ಬೇರೆ ಅರ್ಥವನ್ನು ಧ್ವನಿಸುವದೆಂದು ಆಲಂಕಾರಿಕರು ತೋರಿಸಿರುವರು. ದನಗಾಹಿಗೆ ಅದು ದನ ಹೊಡೆದುಕೊಂಡು ಹೊರಡೆಂಬ ಮಾತು, ವ್ಯಾಪಾರಿಗೆ ಅಂಗಡಿ ಕಟ್ಟೆಂಬ ಮಾತು, ಕಳ್ಳನಿಗೆ ವೇಳೆ ಬಂತೆಂಬ ಮಾತು. ಹಾಗೆಂದು ಬಾಯಿಗೆ ಬಂದದ್ದೆಲ್ಲ ಅರ್ಥವಾಗದು. ಯಾರು, ಯಾರಿಗೆ, ಎಲ್ಲಿ ಹೇಳಿದರೆಂಬದು ಅದಕ್ಕೆ ಕಟ್ಟು ಹಾಕುವದು.

ಈ ಸೀಮೆಯಂತೂ ಒಗಟಿನ ತವರು. ಅಬಲೂರು ಮಾಸೂರುಗಳೊಡನೆ ಹೆಸರು ಕೂಡಿಕೊಂಡ ಸರ್ವಜ್ಞನು ತ್ರಿಪದಿಯಲ್ಲಿ ಒಗಟುಗಳನ್ನು ಕಟ್ಟಿದನು. ಚದುರಿಹೋಗಿದ್ದ ಅವನ ವಚನಗಳನ್ನು ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕನಕದಾಸರು ಮುಂಡಿಗೆಗಳನ್ನು ಹಾಡಿದರು. ಶಿಶುನಾಳದ ಶರೀಫ ಸಾಹೇಬರು (1819–1889) ಕೆಲಕಾಲ ಸಾಲೆಯ ಮಾಸ್ತರಿಕೆಯನ್ನು ಮಾಡಿದವರು. ಅವರ ತತ್ತ್ವಪದಗಳಲ್ಲಿ ಮನೆ, ಗಿರಣಿ, ಕೋಳಿಗಳು ಬೇರೊಂದನ್ನು ಸೂಚಿಸಿ ನಿಲ್ಲುವವು. ಅಲ್ಲಮಪ್ರಭುದೇವರ ಬೆಡಗಿನ ವಚನಗಳ ಮಾತನ್ನು ಈ ಸಭೆಗೆ ಹೇಳಬೇಕಾದದ್ದಿಲ್ಲ. ಅಂಬಿಗರ ಚೌಡಯ್ಯನವರು ಒಗಟನ್ನು ಒಲ್ಲದ ನೇರ ಮಾತಿನವರು, ಆದರೂ ಹೊಳೆಯನ್ನೂ ದೋಣಿಯನ್ನೂ ಅರಿಯದವನಿಗೆ ಅವರ ಮಾತು ಅರ್ಧ ಮಾತ್ರ ದೊರೆಯುವದು. ಇಷ್ಟು ಸಂಪತ್ತು ಇರಲಾಗಿ ಆಗುತ್ತಿರುವದೇನು? ಪದವನ್ನು ಹಾಡಿಸುವ ಮೊದಲೇ ಟೀಕೆಯನ್ನು ಬರೆಯಿಸುವರು: ಇದರ ಅರ್ಥ ದೇಹ, ಅದರ ಅರ್ಥ ಮನಸ್ಸು, ಬಾಯಿಪಾಠ ಮಾಡಿರಿ. ಬೆಡಗಿನ ವಚನಗಳಿಗೆ ಹಿಂದಿನವರು ಟೀಕೆಗಳನ್ನು ಬರೆದದ್ದು ಓದುವವನು ತಿಣುಕಾಡಿದ ಮೇಲೆ ನೋಡಲೆಂದು, ತಿಣುಕಾಟವನ್ನೇ ತಪ್ಪಿಸಲೆಂದಲ್ಲ. ಉತ್ತರವನ್ನು ಮೊದಲು ಹೇಳಿ ಒಗಟನ್ನು ಆಮೇಲೆ ಹೇಳುವ ಅಜ್ಜಿಯನ್ನು ಯಾರೂ ಕಂಡಿಲ್ಲ.

ಮಠದ ಪಾಠಶಾಲೆಯಲ್ಲಾಗಲಿ, ಪ್ರಸಾದನಿಲಯದಲ್ಲಾಗಲಿ ಇದಕ್ಕೆ ಹೊಸ ಪುಸ್ತಕವೂ ಬೇಡ, ಹಣವೂ ಬೇಡ. ವಾರಕ್ಕೊಂದು ಸಂಜೆ, ಸಾಯಂಪ್ರಾರ್ಥನೆಯ ತರುವಾಯ ಅರ್ಧ ತಾಸು ಸಾಕು. ಒಂದು ತ್ರಿಪದಿ, ಇಲ್ಲವೆ ಪೇಟೆಯ ದರದ ಸುದ್ದಿ, ಇಲ್ಲವೆ ಸೊಸಾಯಿಟಿಯ ನೋಟೀಸು, ಯಾವುದಾದರೂ ಆದೀತು. ಒಬ್ಬನು ಓದಬೇಕು, ಉಳಿದವರು ಊಹಿಸಬೇಕು, ಊಹಿಸಿದವನು ಹಾಳೆಯ ಮೇಲೆ ಬೆರಳಿಟ್ಟು ತೋರಿಸಬೇಕು. ಬೆರಳಿಡಲು ಸ್ಥಳವು ಸಿಕ್ಕದಿದ್ದರೆ ಆ ಊಹೆಯನ್ನು ಬದಿಗಿಟ್ಟು ಮುಂದಿನವನ ಕಡೆಗೆ ಹೋಗಬೇಕು. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಇದನ್ನು ನಡೆಯಿಸಿದರೆ ಇನ್ನೂ ಲೇಸು. ಪ್ರಶ್ನೆಯನ್ನು ಹುಡುಕುವಾಗ ಅವರ ಓದೂ ಹರಿತವಾಗುವದು. ಓದುಬಾರದ ಹಿರಿಯರು ಒಬ್ಬಿಬ್ಬರು ಬಂದು ಕೂಡ್ರುವದಾದರೆ ಅವರನ್ನು ಮುಂದೆ ಕೂಡ್ರಿಸಿರಿ. ಮಳೆ, ಬೆಳೆ, ದರಗಳ ವ್ಯಾಪ್ತಿಯನ್ನು ಅವರಷ್ಟು ಬಲ್ಲವರು ಯಾವ ಪುಸ್ತಕದಲ್ಲಿಯೂ ಸಿಕ್ಕರು.