ಒಳಕ್ಕೆ ಸೋರುವ ತೂತು

ಮಕ್ಕಳೇ, ಮೊದಲು ಒಂದು ಒಗಟು. ಒಂದು ಪೈಪು. ಅದರೊಳಗೆ ಡೀಸೆಲ್ ಹರಿಯುತ್ತದೆ. ಪೈಪಿನಲ್ಲಿ ಸಣ್ಣ ತೂತಿದೆ, ಆದರೆ ಆ ತೂತಿನಿಂದ ಒಂದು ಹನಿಯೂ ಹೊರಗೆ ಬೀಳುವುದಿಲ್ಲ. ಆದರೂ ಅದು ಒಂದು ಗಾಡಿಯನ್ನೇ ನಿಲ್ಲಿಸಿಬಿಡುತ್ತದೆ. ಹೇಗೆ?

ತಗಡೂರಿನಲ್ಲಿ ನನ್ನ ತಮ್ಮನ ಮನೆಯ ಮುಂದೆ ಒಂದು ಪಿಕಪ್ ಗಾಡಿ ಇದೆ. ನಿಮ್ಮ ಅಣ್ಣಂದಿರಿಗಿಂತ ದೊಡ್ಡ ವಯಸ್ಸು ಅದಕ್ಕೆ. ಬಾಳೆಗೊನೆ ಹೊತ್ತು ನಂಜನಗೂಡಿಗೆ ಹೋಗಿ ಬರುವುದೇ ಅದರ ಕೆಲಸ. ಒಂದು ಬೆಳಗಿನ ಜಾವ ಗೊನೆಯೆಲ್ಲ ತುಂಬಿ ತಮ್ಮ ಕೀ ತಿರುಗಿಸಿದ. ಎಂಜಿನ್ ಗರ್ ಗರ್ ಎಂದು ತಿರುಗಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಹಿಂದಿನ ಸಂಜೆ ಚೆನ್ನಾಗಿ ಓಡಿಕೊಂಡು ಬಂದ ಗಾಡಿ! ಟ್ಯಾಂಕಿನಲ್ಲಿ ಡೀಸೆಲ್ ಅರ್ಧಕ್ಕಿಂತ ಮೇಲೇ ಇತ್ತು.

ಗಾಡಿ ರಿಪೇರಿಯ ಮೇಸ್ತ್ರಿ ಬಂದರು. ಬಾನೆಟ್ ಎತ್ತಲೇ ಇಲ್ಲ, ಗಾಡಿಯ ಹಿಂದೆ ಹೋಗಿ ಸೈಲೆನ್ಸರ್ ಹತ್ತಿರ ಕುಕ್ಕರುಗಾಲಿನಲ್ಲಿ ಕೂತರು. "ಒಂದ್ಸಲ ಸೆಲ್ಫ್ ಹೊಡೀರಿ" ಅಂದರು. ತಮ್ಮ ಹೊಡೆದ. "ಸಾಕು ಬುಡಿ. ಹೊಗೆನೇ ಇಲ್ಲ ಕನಾ. ಎಣ್ಣೆ ಬತ್ತಾ ಇಲ್ಲ."

ಅವರ ಲೆಕ್ಕ ಗೊತ್ತಾಯಿತೇ? ಎಂಜಿನ್ ಜೋರಾಗಿ ತಿರುಗುತ್ತಿದೆ ಎಂದರೆ ಬ್ಯಾಟರಿಯ ತಪ್ಪಲ್ಲ. ಒಲೆಗೆ ಸೌದೆ ಇಟ್ಟು, ಅದು ಸರಿಯಾಗಿ ಹೊತ್ತಿಕೊಳ್ಳದಿದ್ದರೆ ಅಡುಗೆಮನೆ ತುಂಬ ಹೊಗೆಯಾದರೂ ಬರಬೇಕು. ಹೊಗೆಯೂ ಇಲ್ಲ ಎಂದರೆ ಒಲೆಯಲ್ಲಿ ಸೌದೆಯೇ ಇಲ್ಲ.

ಅಂದಹಾಗೆ, ಡೀಸೆಲ್ ಎಂಜಿನ್ನಿಗೆ ಬೆಂಕಿಕಡ್ಡಿಯೂ ಬೇಡ, ಕಿಡಿಯೂ ಬೇಡ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿದ್ದೀರಾ? ಬೆಚ್ಚಗಿರುತ್ತದೆ. ಗಾಳಿಯನ್ನು ಅಮುಕಿದರೆ ಅದಕ್ಕೆ ಬಿಸಿ ಏರುತ್ತದೆ. ಇಂಥ ಎಂಜಿನ್ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿಬಿಡುತ್ತದೆ. ಆಗ ಆ ಗಾಳಿ 500 ಡಿಗ್ರಿಗಿಂತ ಹೆಚ್ಚು ಕಾಯುತ್ತದೆ. ಅದರೊಳಗೆ ಡೀಸೆಲ್ಲನ್ನು ಮಂಜಿನ ಹಾಗೆ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ.

ಆ ಚಿಮ್ಮಿಸುವ ಕೆಲಸವೇ ಕಷ್ಟದ್ದು. ಗಾಳಿಯೇ ಅಷ್ಟು ಬಿಗಿಯಾಗಿ ಒತ್ತಿಕೊಂಡಿರುವಾಗ ಅದರೊಳಗೆ ನುಗ್ಗಬೇಕಲ್ಲ! ನಮ್ಮ ಸುತ್ತಲಿನ ಗಾಳಿ ನಮ್ಮನ್ನು ಒತ್ತುತ್ತಿರುತ್ತದಲ್ಲ, ಅದರ ನೂರು ಪಟ್ಟಿಗಿಂತ ಹೆಚ್ಚಿನ ಒತ್ತಡ ಬೇಕು. 1897ರಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಎಣ್ಣೆಯನ್ನು ಒಳಗೆ ಊದಲು ಬೇರೊಂದು ಗಾಳಿಯಂತ್ರವೇ ಬೇಕಿತ್ತು. ಅಷ್ಟು ಭಾರ ಹೊತ್ತು ಲಾರಿ ಓಡೀತೇ? 1927ರಲ್ಲಿ ಬಾಷ್ ಕಂಪನಿ ಬರಿಯ ಎಣ್ಣೆಯನ್ನೇ ಒತ್ತಿ ಕಳಿಸುವ ಪಂಪನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಮೇಲೆ ಡೀಸೆಲ್ ಲಾರಿಗಳ ಕಾಲ ಬಂತು. ನಮ್ಮ ಬೆಂಗಳೂರಿನ ಆಡುಗೋಡಿಯಲ್ಲೂ ಅಂಥ ಪಂಪುಗಳು ತಯಾರಾದವು. ಅವನ್ನು ತಯಾರಿಸಿದ, 1951ರಲ್ಲಿ ಶುರುವಾದ ಕಂಪನಿಯೇ ನಿಮ್ಮ ತಾತಂದಿರು ಹೇಳುವ 'ಮೈಕೋ'.

ಸರಿ, ಗಾಡಿಯ ಹತ್ತಿರ ಹೋಗೋಣ. ಮೇಸ್ತ್ರಿ ಈಗ ಬಾನೆಟ್ ಎತ್ತಿದರು. ಡೀಸೆಲ್ ಪಂಪಿನ ಪಕ್ಕದಲ್ಲಿ ಹೆಬ್ಬೆರಳ ಗಾತ್ರದ ಒಂದು ಗುಂಡಿ ಇತ್ತು. ಅದನ್ನು ಮೇಲೆ ಕೆಳಗೆ ಒತ್ತತೊಡಗಿದರು. ಅದೊಂದು ಪುಟಾಣಿ ಕೈಪಂಪು. "ನೀವೂ ಒಂದು ಕೈ ನೋಡಿ ಮೇಷ್ಟ್ರೇ" ಎಂದರು. ಒತ್ತಿದೆ. ಪುಸುಕ್, ಪುಸುಕ್. ನೀರಿಲ್ಲದ ಬೋರಿನ ಹ್ಯಾಂಡಲ್ ಒತ್ತಿದ ಹಾಗೆ, ಕೈಗೆ ಏನೂ ಸಿಗಲಿಲ್ಲ. ಮೇಸ್ತ್ರಿ ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ ಸಡಿಲಿಸಿದರು. ಅಲ್ಲಿಂದ ಡೀಸೆಲ್ ಬರಲಿಲ್ಲ, ಸೋಪಿನ ನೊರೆಯ ಹಾಗೆ ಗುಳ್ಳೆ ಗುಳ್ಳೆಯಾಗಿ ಬಂತು. "ಗಾಳಿ ಎಳ್ಕಂಡದ ಕನಾ!"

ಗಾಳಿ ಸೇರಿದರೆ ಏನಾಯಿತು ಅನ್ನುತ್ತೀರಾ? ಸೂಜಿ ಇಲ್ಲದ ಹೊಸ ಸಿರಿಂಜೊಂದನ್ನು ದೊಡ್ಡವರ ಹತ್ತಿರ ಕೇಳಿ ತೆಗೆದುಕೊಳ್ಳಿ. ಬರಿಯ ಗಾಳಿ ಎಳೆದು, ತುದಿಯನ್ನು ಬೆರಳಿನಿಂದ ಮುಚ್ಚಿ, ಒತ್ತಿ. ಒಳಕ್ಕೆ ಹೋಗುತ್ತದೆ, ಕೈ ಬಿಟ್ಟರೆ ಸ್ಪ್ರಿಂಗಿನ ಹಾಗೆ ವಾಪಸು ಬರುತ್ತದೆ. ಈಗ ಗಾಳಿ ಚೂರೂ ಇಲ್ಲದಂತೆ ನೀರು ತುಂಬಿ, ಹಾಗೇ ಒತ್ತಿ. ಕಲ್ಲು! ಅಲ್ಲಾಡುವುದೇ ಇಲ್ಲ. ಪೈಪಿನ ತುಂಬ ಡೀಸೆಲ್ಲೇ ಇದ್ದರೆ ಈ ತುದಿಯಲ್ಲಿ ಕೊಟ್ಟ ಒತ್ತು ಆ ತುದಿಗೆ ಹಾಗೇ ಮುಟ್ಟುತ್ತದೆ. ನಡುವೆ ಗಾಳಿ ಇದ್ದರೆ ಪಂಪು ಒತ್ತಿದ್ದನ್ನೆಲ್ಲ ಗಾಳಿಯೇ ನುಂಗಿ, ಕುಗ್ಗಿ, ಮತ್ತೆ ಹಿಗ್ಗುತ್ತದೆ. ಆ ತುದಿಯಲ್ಲಿ ಡೀಸೆಲ್ ಚಿಮ್ಮುವುದೇ ಇಲ್ಲ.

ಸುಮಾರು ಹೊತ್ತು ಒತ್ತಿದ ಮೇಲೆ ನೊರೆ ನಿಂತು, ತಿಳಿಯಾದ ಡೀಸೆಲ್ ಬಂತು. ಗುಂಡಿಯೂ ಕೈಗೆ ಗಟ್ಟಿಯಾಯಿತು. ಸ್ಕ್ರೂ ಬಿಗಿದು ಸೆಲ್ಫ್ ಹೊಡೆದರೆ ಗಾಡಿ ಕೆಮ್ಮಿ ಕೆಮ್ಮಿ ಎದ್ದಿತು! ನಾನು ಚಪ್ಪಾಳೆ ತಟ್ಟಿದೆ. ಮೇಸ್ತ್ರಿ ನಗಲಿಲ್ಲ. "ಗಾಳಿ ಎಲ್ಲಿಂದ ಬಂತು ಅಂತ ನೋಡ್ನಿಲ್ಲ ಅಂದ್ರ ನಾಳೆ ಬೆಳಿಗ್ಗೆ ಇದೇ ಪಾಡು" ಅಂದರು.

ಇಲ್ಲಿ ನಮ್ಮ ಒಗಟು ಬಂತು. ಎಳನೀರು ಕುಡಿಯುವಾಗ ಸ್ಟ್ರಾದ ನಡುವೆ, ಎಳನೀರಿನಿಂದ ಮೇಲಿರುವ ಕಡೆ, ಸೂಜಿಯಿಂದ ಒಂದು ತೂತು ಮಾಡಿ ಎಳೆದು ನೋಡಿ. ತೂತಿನಿಂದ ಎಳನೀರು ಹೊರಗೆ ಸೋರುವುದಿಲ್ಲ. ಬದಲಿಗೆ ಹೊರಗಿನ ಗಾಳಿ ಒಳಗೆ ನುಗ್ಗಿ, ನಿಮ್ಮ ಬಾಯಿಗೆ ಗುಳ್ಳೆ ಬರುತ್ತದೆ. ಎಳೆಯುವ ಪೈಪಿನಲ್ಲಿ ತೂತಾದರೆ ಅದು ಒಳಕ್ಕೆ ಸೋರುತ್ತದೆ. ಪಿಕಪ್ಪಿನ ಟ್ಯಾಂಕು ತಗ್ಗಿನಲ್ಲಿ, ಪಂಪು ಮೇಲೆ. ನಡುವಿನ ಪೈಪು ಒಂದು ಉದ್ದನೆಯ ಸ್ಟ್ರಾ, ಅಷ್ಟೇ. ರಾತ್ರಿಯೆಲ್ಲ ಗಾಡಿ ನಿಂತಾಗ ತೂತಿನಿಂದ ಮೆಲ್ಲಗೆ ಗಾಳಿ ಸೇರಿ, ಪೈಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸು ಜಾರಿತ್ತು. ಸಂಜೆ ಓಡಿದ ಗಾಡಿ ಬೆಳಿಗ್ಗೆ ಮುಷ್ಕರ ಹೂಡಿದ್ದು ಅದಕ್ಕೇ.

ನೆಲದ ಮೇಲೆ ಹನಿ ಬೀಳದಿದ್ದರೆ ತೂತು ಹುಡುಕುವುದು ಹೇಗೆ? ಮೇಸ್ತ್ರಿ ಒಂದು ಕ್ಯಾನಿನಲ್ಲಿ ಡೀಸೆಲ್ ಹಾಕಿ ಎತ್ತರದಲ್ಲಿ ಇಟ್ಟರು. ಟ್ಯಾಂಕಿನಿಂದ ಬರುವ ಪೈಪನ್ನು ಕಳಚಿ, ಕ್ಯಾನಿನಿಂದ ನೇರವಾಗಿ ಪಂಪಿಗೆ ಒಂದು ಪಾರದರ್ಶಕ ಪೈಪು ಕೊಟ್ಟರು, ಆಸ್ಪತ್ರೆಯಲ್ಲಿ ಡ್ರಿಪ್ ಹಾಕುತ್ತಾರಲ್ಲ, ಅಂಥದ್ದು. ಗಾಳಿ ತೆಗೆದು ಸ್ಟಾರ್ಟ್ ಮಾಡಿದರೆ ಪೈಪಿನೊಳಗೆ ಒಂದು ಗುಳ್ಳೆಯೂ ಕಾಣಲಿಲ್ಲ. ಹಾಗಾದರೆ ಪಂಪು ಸರಿಯಿದೆ. ಹೊಸ ಪಂಪಿಗೆ ಕೊಡಬೇಕಾಗುತ್ತಿದ್ದ ಸಾವಿರಾರು ರೂಪಾಯಿ ಉಳಿಯಿತೆಂದು ತಮ್ಮನ ಮುಖ ಅರಳಿತು. ಕಳ್ಳ ಇದ್ದದ್ದು ಟ್ಯಾಂಕಿಗೂ ಪಂಪಿಗೂ ನಡುವೆ, ಅಲ್ಲಿದ್ದ ಹಳೇ ರಬ್ಬರ್ ಪೈಪಿನಲ್ಲಿ. ಅದನ್ನು ಬದಲಾಯಿಸಿ ಕ್ಲಿಪ್ಪು ಬಿಗಿದರು. (ಕೆಲವರು ಬಾಯಿಂದ ಡೀಸೆಲ್ ಎಳೆಯುವುದನ್ನು ನೋಡಿರುತ್ತೀರಿ. ನೀವು ಮಾತ್ರ ಎಂದೂ ಹಾಗೆ ಮಾಡಬಾರದು, ಅದು ವಿಷ.)

ಹಳೇ ಪೈಪನ್ನು ನಾನು ಕೇಳಿ ಇಟ್ಟುಕೊಂಡೆ. ಎಷ್ಟು ತಿರುವಿ ನೋಡಿದರೂ ತೂತು ಕಾಣಲಿಲ್ಲ. ಆಗ ನನ್ನ ಮೊಮ್ಮಗಳು ಪಂಕ್ಚರ್ ಅಂಗಡಿ ನೆನಪಿಸಿದಳು. ಒಂದು ತುದಿಗೆ ಬಿರಡೆ ಹಾಕಿ, ಇನ್ನೊಂದು ತುದಿಗೆ ಸೈಕಲ್ ಪಂಪು ಹಿಡಿದು, ಪೈಪನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದೆವು. ನೆಟ್ಟಗೆ ಹಿಡಿದಾಗ ಏನೂ ಇಲ್ಲ. ತುಸು ಬಗ್ಗಿಸಿದಳು ನೋಡಿ, ಕ್ಲಿಪ್ಪು ಇದ್ದ ಜಾಗದಲ್ಲಿ ಕೂದಲೆಳೆಯಂಥ ಬಿರುಕೊಂದು ಬಾಯಿ ತೆರೆದು, ಸಾಸಿವೆ ಕಾಳಿನಷ್ಟು ಗುಳ್ಳೆಗಳನ್ನು ಒಂದರ ಹಿಂದೆ ಒಂದು ಮೇಲಕ್ಕೆ ಕಳಿಸಿತು.