ಸೋಲಿನ ಸುದ್ದಿ ತಲುಪದ ಊರು



ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದಂಥ ಊರಿನವರಿಗೆ ಒಂದು ಕಾಲದಲ್ಲಿ ಯಾವ ಸಿನಿಮಾ ಗೆದ್ದಿದೆ, ಯಾವುದು ತೋಪಾಗಿದೆ ಅನ್ನೋದು ಗೊತ್ತೇ ಆಗುತ್ತಿರಲಿಲ್ಲ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಥಿಯೇಟರುಗಳಲ್ಲಿ ತೆರೆಕಂಡ ಚಿತ್ರದ ಹಣೆಬರಹ ಒಂದೆರಡು ವಾರದಲ್ಲೇ ತೀರ್ಮಾನವಾಗಿಬಿಡುತ್ತಿತ್ತು. ಆಮೇಲೆ ಅದರ ಪ್ರಿಂಟು ಜಿಲ್ಲಾ ಕೇಂದ್ರಕ್ಕೆ ಬಂದು, ಅಲ್ಲಿಂದ ತಾಲ್ಲೂಕಿಗೆ ಇಳಿದು, ಮೈತುಂಬ ಗೀರು ಬಿದ್ದು, ಟೂರಿಂಗ್ ಟಾಕೀಸಿಗೆ ಮುಟ್ಟುವಷ್ಟರಲ್ಲಿ ಎಷ್ಟೋ ಕಾಲ ಕಳೆದಿರುತ್ತಿತ್ತು. ನಮ್ಮ ಕಡೆ ಸಿನಿಮಾ ಅಂದರೆ ಟೆಂಟು. ಟೆಂಟು ಇಲ್ಲದಿದ್ದರೆ ಚಳ್ಳಕೆರೆಗೆ ಹೋಗಬೇಕು, ಇಲ್ಲವೇ ಗಡಿ ದಾಟಿ ರಾಯದುರ್ಗದಲ್ಲಿ ತೆಲುಗು ಚಿತ್ರ ನೋಡಿ ಬರಬೇಕು.

ಹೊತ್ತು ಮುಳುಗುತ್ತಿದ್ದ ಹಾಗೆ ಮೈಕಿನಲ್ಲಿ ಘಂಟಸಾಲ ಅವರ ‘ನಮೋ ವೆಂಕಟೇಶ’ ಕೇಳಿಸಿತು ಅಂದರೆ ಟಿಕೆಟ್ ಕೊಡೋದು ಶುರುವಾಯಿತು ಅಂತಲೇ ಲೆಕ್ಕ. ನೆಲಕ್ಕೆ ಒಂದು ದರ, ಬೆಂಚಿಗೆ ಒಂದು, ಹಿಂದಿನ ಕುರ್ಚಿಗೆ ಇನ್ನೊಂದು. ನೆಲದವರು ಮರಳು ಗುಡ್ಡೆ ಹಾಕಿಕೊಂಡು ಅದರ ಮೇಲೆ ಕೂರೋದು, ಹಿಂದಿನವರು ಬೈಯೋದು. ಇದ್ದದ್ದೇ ಒಂದು ಪ್ರೊಜೆಕ್ಟರು. ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು, ಹುರಿದ ಶೇಂಗಾ ಮಾರುವವನು ಒಳಗೆ ನುಗ್ಗುತ್ತಿದ್ದ. ಅಲ್ಲಿ ಯಾವ ಚಿತ್ರವಾದರೂ ನಾಲ್ಕಾರು ದಿನ ಇದ್ದು ಹೋಗುವಂಥದ್ದೇ. ಶತದಿನೋತ್ಸವ ಕಂಡ ಚಿತ್ರಕ್ಕೂ ಒಂದು ವಾರಕ್ಕೆ ಮಕಾಡೆ ಮಲಗಿದ ಚಿತ್ರಕ್ಕೂ ಟೆಂಟಿನಲ್ಲಿ ಒಂದೇ ಮರ್ಯಾದೆ. ನೆಲದ ಮೇಲೆ ಕೂತ ನೋಡುಗ ಚಿತ್ರ ಚೆನ್ನಾಗಿದ್ದರೆ ಅಳುತ್ತಿದ್ದ, ಇಲ್ಲದಿದ್ದರೆ ಅಲ್ಲೇ ಒರಗಿ ನಿದ್ದೆ ಮಾಡುತ್ತಿದ್ದ.

ಬಿಡುಗಡೆಯಾದಾಗ ಸೋತು, ಆಮೇಲೆ ಜನ ತಲೆ ಮೇಲೆ ಹೊತ್ತುಕೊಂಡ ಚಿತ್ರಗಳ ಮಾತು ಬಂದಾಗಲೆಲ್ಲ ನನಗೆ ಈ ನೋಡುಗನೇ ಮೊದಲು ನೆನಪಾಗುತ್ತಾನೆ. ದೊಡ್ಡ ಊರಿನವರು ಹತ್ತಿಪ್ಪತ್ತು ವರ್ಷ ತಡವಾಗಿ ಕಂಡುಕೊಂಡದ್ದನ್ನು ಇವನು ಹಿಂದೆಯೇ ಕಂಡಿದ್ದ. ಇವನನ್ನು ಯಾರೂ ಕೇಳಲಿಲ್ಲ, ಅಷ್ಟೆ.

1971ರ ‘ಸಾಕ್ಷಾತ್ಕಾರ’ವನ್ನೇ ನೋಡಿ. ನಿರ್ದೇಶನ ಪುಟ್ಟಣ್ಣ ಕಣಗಾಲ್, ನಾಯಕ ರಾಜ್‌ಕುಮಾರ್, ನಾಯಕಿ ತೆಲುಗಿನ ಜಮುನಾ. ರಾಜ್ ತಂದೆಯ ಪಾತ್ರಕ್ಕೆ ಮುಂಬೈಯಿಂದ ಪೃಥ್ವಿರಾಜ್ ಕಪೂರ್ ಬಂದಿದ್ದರು. ಸಂಗೀತ ಎಂ. ರಂಗರಾವ್ ಅವರದು. ಇಷ್ಟೆಲ್ಲ ಇದ್ದರೂ ಚಿತ್ರ ಗೆಲ್ಲಲಿಲ್ಲ. ಅದಕ್ಕೂ ಮುಂಚೆ ‘ಮಲ್ಲಮ್ಮನ ಪವಾಡ’, ‘ಕರುಳಿನ ಕರೆ’ ಕೊಟ್ಟಿದ್ದ ಪುಟ್ಟಣ್ಣ–ರಾಜ್ ಜೋಡಿ ಮತ್ತೆ ಒಟ್ಟಿಗೆ ಕೆಲಸ ಮಾಡಲಿಲ್ಲ. ಪುಟ್ಟಣ್ಣ ಸುಮ್ಮನೆ ಕೂರುವ ಆಸಾಮಿಯಲ್ಲ. ಮರುವರ್ಷವೇ ನಮ್ಮ ಚಿತ್ರದುರ್ಗದ ಕೋಟೆಗೆ ಕ್ಯಾಮೆರಾ ಹೊತ್ತು ತಂದು, ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ತ.ರಾ.ಸು. ಅವರ ಕಾದಂಬರಿಗಳನ್ನಿಟ್ಟುಕೊಂಡು ‘ನಾಗರಹಾವು’ ತೆಗೆದರು. ಅದು ನಾಡೆಲ್ಲ ಗೆದ್ದಿತು. ಕಾದಂಬರಿ ಬರೆದ ತ.ರಾ.ಸು. ಅವರಿಗೇ ಆ ಚಿತ್ರ ಹಿಡಿಸಲಿಲ್ಲ ಅನ್ನೋದು ಬೇರೆ ಮಾತು.

ಸೋತ ‘ಸಾಕ್ಷಾತ್ಕಾರ’ವನ್ನು ಎತ್ತಿ ಹಿಡಿದದ್ದು ಈಗ ನಿಮ್ಮ ಮುಂದಿರುವ ಈ ರೇಡಿಯೋನೇ. ಭದ್ರಾವತಿ ಆಕಾಶವಾಣಿ 1965ರಲ್ಲೇ ಶುರುವಾಗಿತ್ತು. ಪೋಸ್ಟ್ ಕಾರ್ಡಿನಲ್ಲಿ ಮನೆಮಂದಿಯ ಹೆಸರನ್ನೆಲ್ಲ ತುಂಬಿಸಿ ಕೋರಿಕೆ ಕಳಿಸುತ್ತಿದ್ದ ಕಾಲ. ಪಿ.ಬಿ. ಶ್ರೀನಿವಾಸ್, ಪಿ. ಸುಶೀಲ ದನಿಯಲ್ಲಿ ಆ ಚಿತ್ರದ ಹಾಡುಗಳು ಹೊಲದ ಬದುವಿಗೂ ಮಗ್ಗದ ಗುಂಡಿಗೂ ಬಂದವು. ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಯುವವರಿಗೆ ಕೈಯೂ ಕಣ್ಣೂ ಕೆಲಸದಲ್ಲಿದ್ದರೆ ಕಿವಿ ಬಿಡುವಾಗಿರುತ್ತದೆ. ಚಿತ್ರ ನೋಡದವರಿಗೂ ಹಾಡು ಬಾಯಿಗೆ ಬಂತು. ಹಾಡು ಬಾಯಿಗೆ ಬಂದವರು ಚಿತ್ರ ಟಿ.ವಿ.ಯಲ್ಲಿ ಬಂದ ದಿನ ಎದ್ದು ಹೋಗಲಿಲ್ಲ.

ಕನ್ನಡಿಗರ ಕೈಗುಣದ ಇನ್ನೊಂದು ಸೋಲು ಹಿಂದಿಯದು. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ 1959ರಲ್ಲಿ ‘ಕಾಗಜ್ ಕೆ ಫೂಲ್’ ತೆಗೆದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಕ್ಯಾಮೆರಾ ಹಿಡಿದವರು ಮೈಸೂರಿನ ವಿ.ಕೆ. ಮೂರ್ತಿ. ಖಾಲಿ ಸ್ಟುಡಿಯೋದಲ್ಲಿ ಮೇಲಿನಿಂದ ಕೋಲಿನಂತೆ ಬಿಸಿಲು ಇಳಿಯುತ್ತದೆ, ಅದರ ಆಚೆಗೊಬ್ಬರು ಈಚೆಗೊಬ್ಬರು ಗಂಡು ಹೆಣ್ಣು ನಿಂತಿದ್ದಾರೆ. ಆ ಬೆಳಕು ದೀಪದ್ದಲ್ಲ. ಮೂರ್ತಿಯವರು ದೊಡ್ಡ ಕನ್ನಡಿಗಳನ್ನಿಟ್ಟು ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿದ್ದರು. ಗಾಳಿಯಲ್ಲಿ ತೇಲುವ ಧೂಳಿನ ಕಣವೂ ಕಾಣುತ್ತದೆ. ಜನ ಬರಲಿಲ್ಲ. ಬಿದ್ದುಹೋದ ಒಬ್ಬ ನಿರ್ದೇಶಕ ಕೊನೆಗೆ ಸ್ಟುಡಿಯೋದಲ್ಲೇ ಒಂಟಿಯಾಗಿ ಸಾಯುವ ಕಥೆಯನ್ನು ದುಡ್ಡು ಕೊಟ್ಟು ಯಾಕೆ ನೋಡಬೇಕು ಅನ್ನಿಸಿರಬೇಕು. ಗುರುದತ್ ಮುಂದೆ ಯಾವ ಚಿತ್ರಕ್ಕೂ ನಿರ್ದೇಶಕನೆಂದು ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. 1964ರಲ್ಲಿ, ಮೂವತ್ತೊಂಬತ್ತನೇ ವಯಸ್ಸಿಗೇ ತೀರಿಕೊಂಡರು. ಅದೇ ಚಿತ್ರವನ್ನು ಇವತ್ತು ಸಿನಿಮಾ ಶಾಲೆಗಳಲ್ಲಿ ಪಾಠದ ಹಾಗೆ ನೋಡುತ್ತಾರೆ. ಮೂರ್ತಿಯವರು ಮಾತ್ರ ಬದುಕಿದ್ದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು, ಒಬ್ಬ ಛಾಯಾಗ್ರಾಹಕನಿಗೆ ಅದು ಸಂದದ್ದು ಅದೇ ಮೊದಲು. ತಡವಾಗಿ ಬಂದ ಮೆಚ್ಚುಗೆ ಕೇಳುವುದಕ್ಕೆ ಇಬ್ಬರಲ್ಲಿ ಒಬ್ಬರು ಉಳಿದಿದ್ದರು.

ಅದಕ್ಕೇ, ‘ನೋಡಿ, ಕೊನೆಗೂ ಗೆದ್ದಿತು’ ಅಂತ ಯಾರಾದರೂ ಚಪ್ಪಾಳೆ ತಟ್ಟಿದರೆ ನನಗೆ ಸ್ವಲ್ಪ ಕಸಿವಿಸಿ. ಗೆದ್ದದ್ದು ಚಿತ್ರ. ಮನೆ ಒತ್ತೆ ಇಟ್ಟು ಬಡ್ಡಿ ಕಟ್ಟಿದ ನಿರ್ಮಾಪಕನಿಗೆ ನಾವು ಪುಕ್ಕಟೆ ನೋಡಿ ಮೆಚ್ಚಿದ್ದರಿಂದ ಒಂದು ಬಿಡಿಗಾಸೂ ಹೋಗಿರುವುದಿಲ್ಲ.

ನಮ್ಮ ಕಾಲದ ಮಾತಿಗೆ ಬಂದರೆ 2014ರ ‘ಉಳಿದವರು ಕಂಡಂತೆ’ ಇದೆ. ರಕ್ಷಿತ್ ಶೆಟ್ಟಿ ತಾವೇ ಬರೆದು, ನಿರ್ದೇಶಿಸಿ, ರಿಚ್ಚಿಯಾಗಿ ನಟಿಸಿದ ಚಿತ್ರ. ಮಲ್ಪೆಯ ಕಡಲು, ಅಷ್ಟಮಿಯ ಹುಲಿವೇಷ, ಕರಾವಳಿಯ ಕನ್ನಡ. ನಡೆದದ್ದು ಒಂದೇ, ಹೇಳುವವರು ಹಲವರು. ಒಬ್ಬರ ಮಾತಿನಲ್ಲಿ ಬಿಟ್ಟುಹೋದದ್ದು ಇನ್ನೊಬ್ಬರ ಮಾತಿನಲ್ಲಿ ಸಿಗುತ್ತದೆ. ಥಿಯೇಟರಿನಲ್ಲಿ ಒಂದೇ ಸಲ ನೋಡಿದವರಿಗೆ ಗಂಟು ಬಿಡಿಸಲಾಗಲಿಲ್ಲ, ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಮುಂದೆ ಇದೇ ಬಳಗದ 2016ರ ‘ಕಿರಿಕ್ ಪಾರ್ಟಿ’ ಭರ್ಜರಿಯಾಗಿ ಓಡಿದಾಗ ಈ ಹುಡುಗರು ಮುಂಚೆ ಏನು ಮಾಡಿದ್ದರು ಅಂತ ಜನ ಹಿಂದಕ್ಕೆ ಹೋಗಿ ಹುಡುಕಿದರು. ಅಷ್ಟರಲ್ಲಿ ಮೊಬೈಲ್ ಕೈಗೆ ಬಂದಿತ್ತು. ತಿಳಿಯದ ಕಡೆ ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು, ಗೆಳೆಯನಿಗೆ ತೋರಿಸಿ ಜಗಳ ಆಡಬಹುದು. ಅಜನೀಶ್ ಲೋಕನಾಥ್ ಅವರ ಹುಲಿಕುಣಿತದ ವಾದ್ಯ ಗಣೇಶನ ಮೆರವಣಿಗೆಗಳಿಗೂ ಬಂತು. 2017ರಲ್ಲಿ ತಮಿಳಿನಲ್ಲಿ ‘ರಿಚಿ’ ಅಂತ ಮತ್ತೆ ತೆಗೆದರು. ಆ ಚಿತ್ರ ಬೇಡಿದ್ದು ಎರಡನೇ ನೋಟ. 2014ರ ಥಿಯೇಟರಿನಲ್ಲಿ ಎರಡನೇ ನೋಟಕ್ಕೆ ಎರಡನೇ ಟಿಕೆಟ್ ಬೇಕಿತ್ತು.

ಹಾಗಂತ ಸೋತದ್ದೆಲ್ಲ ಚಿನ್ನ ಅಂದುಕೊಳ್ಳಬೇಡಿ. ತೋಪಾದ ನೂರು ಚಿತ್ರದಲ್ಲಿ ಬಹುಪಾಲು ತೋಪಾಗಬೇಕಾದವೇ. ‘ನನ್ನ ಚಿತ್ರ ಕಾಲಕ್ಕಿಂತ ಮುಂದಿತ್ತು’ ಅಂತ ಸಂದರ್ಶನ ಕೊಡುವವರ ಮಾತನ್ನು ಇಪ್ಪತ್ತು ವರ್ಷ ಬಿಟ್ಟು ಕೇಳೋದು ಕ್ಷೇಮ.

ಆದರೆ ಇಪ್ಪತ್ತು ವರ್ಷ ಕಾಯಬೇಕಾದರೆ ಚಿತ್ರ ಉಳಿದಿರಬೇಕಲ್ಲ? ಸಿದ್ದಾಪುರದ ಪಕ್ಕದ ಬ್ರಹ್ಮಗಿರಿಯ ಬಂಡೆಯನ್ನು ಜನ ಅಕ್ಷರಗುಂಡು ಅಂತ ಕರೆಯುತ್ತಿದ್ದರು. ಅಕ್ಷರ ಇದೆ ಅನ್ನೋದು ಗೊತ್ತಿತ್ತು, ಓದುವವರು ಇರಲಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಬಂದು ಅದು ಅಶೋಕನ ಶಾಸನ ಅಂತ ಗುರುತಿಸುವವರೆಗೆ ಎರಡು ಸಾವಿರ ವರ್ಷ ಬಂಡೆ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿತ್ತು. ಸಿನಿಮಾ ರೀಲಿಗೆ ಆ ತಾಳಿಕೆ ಇಲ್ಲ. ಹಳೆಯ ನೈಟ್ರೇಟ್ ಫಿಲಂ ಬೆಂಕಿ ಕಂಡರೆ ಸಾಕು, ಹತ್ತಿಕೊಳ್ಳುತ್ತದೆ. ಆಮೇಲೆ ಬಂದ ಫಿಲಂ ಸೆಕೆಗೆ ಹುಳಿವಾಸನೆ ಹಿಡಿದು ಸುರುಟಿಕೊಳ್ಳುತ್ತದೆ. ಅದರೊಳಗಿನ ಚೂರು ಬೆಳ್ಳಿಗಾಗಿ ರೀಲುಗಳನ್ನೇ ಹಾಳು ಮಾಡಿದವರೂ ಉಂಟು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬೆಂಗಳೂರಿನಲ್ಲಿ ವಾರಗಟ್ಟಲೆ ತುಂಬಿ ಓಡಿತ್ತು. ಅದರ ಒಂದು ಪ್ರಿಂಟೂ ಇವತ್ತು ಇಲ್ಲ. ಸೋತ ‘ಸಾಕ್ಷಾತ್ಕಾರ’ವನ್ನು ಇವತ್ತು ಸಂಜೆ ಕೂತು ನೋಡಬಹುದು, ಗೆದ್ದ ‘ಸತಿ ಸುಲೋಚನಾ’ವನ್ನು ನೋಡುವಂತಿಲ್ಲ.

ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ, 1964ರಿಂದ ಇಂಥ ರೀಲುಗಳನ್ನು ಕಾಪಾಡುತ್ತಾ ಬಂದಿದೆ. ನಮ್ಮ ಕಡೆ ಟೆಂಟು ನಡೆಸಿದವರ ಮನೆ ಅಟ್ಟದಲ್ಲಿ ತುಕ್ಕು ಹಿಡಿದ ತಗಡಿನ ಡಬ್ಬಿಗಳು ಇನ್ನೂ ಬಿದ್ದಿದ್ದರೆ, ಹಳೇ ಕಬ್ಬಿಣದವನಿಗೆ ತೂಕಕ್ಕೆ ಹಾಕುವ ಮುಂಚೆ ಒಂದು ಸಲ ಮುಚ್ಚಳ ತೆಗೆದು, ಮೇಲಿನ ಚೀಟಿಯಲ್ಲಿ ಯಾವ ಚಿತ್ರದ ಹೆಸರಿದೆ ಅಂತ ನೋಡಿ. ಅದು ಬೆಂಗಳೂರಿನಲ್ಲಿ ಎಷ್ಟು ದಿನ ಓಡಿತ್ತು ಅಂತ ಮಾತ್ರ ಕೇಳಲು ಹೋಗಬೇಡಿ.